ಎಂಪಿ3 ಫೈಲ್‌ಗಳನ್ನು ಕೇಳಲು ಸಿ.ಡಿ. ಪ್ಲೇಯರ್: ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು?

ಮಂದಶ್ರುತಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗಾಗಿ ಒಂದು ಸಿ.ಡಿ. ಪ್ಲೇಯರ್ ಆರಿಸಬೇಕಾಗಿದ್ದು, ಈ ವಿಷಯ ಬಲ್ಲವರ ಸಲಹೆ ಕೇಳುತ್ತಿದ್ದೇನೆ. ಅವರಿಗೆ ಈಗ ಕಣ್ಣು ಬಹುಮಟ್ಟಿಗೆ ಕಾಣಿಸುವುದಿಲ್ಲ. ದಿನದ ಹೆಚ್ಚಿನ ಹೊತ್ತು ಹಾಡುಗಳನ್ನೂ ಉಪನ್ಯಾಸಗಳನ್ನೂ ಕೇಳುತ್ತ ಕಳೆಯುತ್ತಾರೆ. ಹಲವು ವರ್ಷಗಳಿಂದ ನಾನು ಅವರಿಗೆಂದು ಬರೆದುಕೊಟ್ಟ 46 ಎಂಪಿ3 ಡಿಸ್ಕ್‌ಗಳು ಮನೆಯಲ್ಲಿವೆ. ಒಂದೊಂದು ಡಿಸ್ಕನ್ನೂ ಬಟ್ಟೆಯ ಚೀಲದಲ್ಲಿಟ್ಟು, ಚೀಲದ ಮೂಲೆಗೆ ದಾರ ಕಟ್ಟಿ ಗಂಟು ಹಾಕಿದ್ದೇವೆ. ಒಂದು ಗಂಟೆಂದರೆ ಗಾಯನ, ಎರಡೆಂದರೆ ವಾದ್ಯ, ಮೂರೆಂದರೆ ಉಪನ್ಯಾಸ. ಗಂಟುಗಳನ್ನು ಬೆರಳಿನಿಂದ ಎಣಿಸಿ ತಮಗೆ ಬೇಕಾದುದನ್ನು ಅವರೇ ತೆಗೆದುಕೊಳ್ಳುತ್ತಾರೆ, ಯಾರನ್ನೂ ಕರೆಯುವುದಿಲ್ಲ. ಈ ಸ್ವಾತಂತ್ರ್ಯ ಅವರಿಗೆ ಬಹಳ ದೊಡ್ಡದು.

ಹಳೆಯ ಪ್ಲೇಯರ್ ಕೆಟ್ಟು ಮೂರು ತಿಂಗಳಾಯಿತು. ಪೆಟ್ಟಿಗೆಯ ಮೇಲೆ ಎಂಪಿ3 ಎಂದು ದೊಡ್ಡದಾಗಿ ಅಚ್ಚಾಗಿದ್ದುದನ್ನು ನಂಬಿ ಹೊಸದೊಂದನ್ನು ಕೊಂಡೆ. ಅದರಿಂದ ನಾಲ್ಕು ತೊಂದರೆಗಳಾಗಿವೆ. ಕೆಲವು ಉಪನ್ಯಾಸದ ಡಿಸ್ಕ್‌ಗಳಲ್ಲಿ ಅದು ಒಂದು ಫೈಲನ್ನೂ ನುಡಿಸುವುದಿಲ್ಲ; ಪರದೆಯ ಮೇಲೆ ಸಂಖ್ಯೆಗಳು ಓಡುತ್ತವೆ, ಧ್ವನಿ ಮಾತ್ರ ಬರುವುದಿಲ್ಲ. ಎರಡನೆಯದಾಗಿ, ಮೊದಲ ಫೈಲಿನ ನಂತರ ಹತ್ತನೆಯದು, ಹನ್ನೊಂದನೆಯದು ಎಂದು ನುಡಿಸಿ ಆಮೇಲೆ ಎರಡನೆಯದಕ್ಕೆ ಬರುತ್ತದೆ. ಇನ್ನು ಕೆಲವು ಡಿಸ್ಕ್‌ಗಳಲ್ಲಿ ನಾನು ಮೊದಲ ಸಲ ಬರೆದ ಹಾಡುಗಳಷ್ಟೇ ಸಿಗುತ್ತವೆ, ಮುಂದೆ ಸೇರಿಸಿದವು ಇಲ್ಲವೇ ಇಲ್ಲವೇನೋ ಎಂಬಂತೆ ವರ್ತಿಸುತ್ತದೆ. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು: ಒಮ್ಮೆ ಆರಿಸಿದರೆ ಮರಳಿ ಮೊದಲ ಫೈಲಿನಿಂದಲೇ ಆರಂಭ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದರೋ ಆ ಜಾಗವನ್ನು ಹುಡುಕಲು ತಂದೆಯವರು ಮುಂದಿನ ಹಾಡಿನ ಬಟನ್ನನ್ನು ಐವತ್ತು ಅರವತ್ತು ಸಲ ಒತ್ತುತ್ತ ಕೂತಿದ್ದನ್ನು ಮೊನ್ನೆ ನೋಡಿದೆ.

ಅಂಗಡಿಯವರನ್ನು ಕೇಳಿದರೆ ಧ್ವನಿ ಎಷ್ಟು ಜೋರು ಎಂಬುದನ್ನಷ್ಟೇ ಹೇಳುತ್ತಾರೆ. ಯಾವ ಗುಣಗಳನ್ನು ನೋಡಿ ಕೊಳ್ಳಬೇಕು, ಅವುಗಳನ್ನು ಕೊಳ್ಳುವ ಮೊದಲೇ ತಿಳಿಯುವ ಬಗೆ ಹೇಗೆ ಎಂದು ದಯವಿಟ್ಟು ತಿಳಿಸಿ.

ನಾದಲಹರಿ

ನಿಮ್ಮ ತಂದೆಯವರ ಗಂಟಿನ ಕ್ರಮ ಬಹಳ ಇಷ್ಟವಾಯಿತು. ನನ್ನ ಸಲಹೆ ಸ್ವಲ್ಪ ಬೇರೆ ದಿಕ್ಕಿನದು. ಎಂಪಿ3 ಡಿಸ್ಕ್ ನುಡಿಸುವ ಪ್ಲೇಯರ್ ಹುಡುಕುವುದಕ್ಕಿಂತ, ಒಳ್ಳೆಯ ಸಾಮಾನ್ಯ ಸಿ.ಡಿ. ಪ್ಲೇಯರ್ ಒಂದನ್ನು ಕೊಂಡು, ನಿಮ್ಮ ಫೈಲ್‌ಗಳನ್ನು ಆಡಿಯೊ ಸಿ.ಡಿ.ಗಳಾಗಿ ಬರೆದುಬಿಡಿ. 1982ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪ್ಲೇಯರಿನಿಂದ ಇಂದಿನವರೆಗೆ ಎಲ್ಲ ಯಂತ್ರಗಳೂ ಪಾಲಿಸುತ್ತಿರುವುದು ಅದೇ ಮಾನದಂಡವನ್ನು: ಸೆಕೆಂಡಿಗೆ 44,100 ಮಾದರಿಗಳು (ಅಂದರೆ ಧ್ವನಿಯ ಅಲೆಯನ್ನು ಅಷ್ಟು ಸಲ ಅಳೆದ ಅಂಕಿಗಳು), ಒಂದೊಂದು ಮಾದರಿಗೆ 16 ಬಿಟ್, ಎಡ ಬಲ ಎಂದು ಎರಡು ವಾಹಿನಿ. ಫೈಲ್, ಫೋಲ್ಡರ್, ಹೆಸರು ಇವು ಯಾವುವೂ ಅಲ್ಲಿ ಇಲ್ಲವಾದ್ದರಿಂದ ನೀವು ಹೇಳಿದ ತೊಂದರೆಗಳಲ್ಲಿ ಮೊದಲ ಮೂರು ಹುಟ್ಟುವುದೇ ಇಲ್ಲ. ಹಾಡುಗಳು ನೀವು ಬರೆದ ಕ್ರಮದಲ್ಲಿಯೇ ಬರುತ್ತವೆ.

ಜೊತೆಗೆ ಧ್ವನಿಯ ವಿಷಯವನ್ನೂ ಹೇಳಬೇಕು. ಎಂಪಿ3 ನುಡಿಸುವ ಅಗ್ಗದ ಯಂತ್ರಗಳಲ್ಲಿ ಧ್ವನಿಯ ಕೊನೆಯ ಹಂತ, ಅಂದರೆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸಿ ಸ್ಪೀಕರಿಗೆ ಕಳುಹಿಸುವ ಭಾಗ, ಹಲವು ಸಲ ತೀರ ಸಾಧಾರಣವಾಗಿರುತ್ತದೆ. ದಿನವಿಡೀ ಕೇಳುವವರ ಕಿವಿಗೆ ಅದರಿಂದ ದಣಿವಾಗುತ್ತದೆ.

ಬೆಸುಗೆಕಡ್ಡಿ

ನಾದಲಹರಿಯವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಲೆಕ್ಕ ಹಾಕಿ ನೋಡೋಣ. ಆಡಿಯೊ ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಹಾಗಾಗಿ ಒಂದು ಡಿಸ್ಕ್ 80 ನಿಮಿಷಕ್ಕೆ ತುಂಬುತ್ತದೆ. ಅದೇ 700 ಮೆಗಾಬೈಟ್ ಡಿಸ್ಕಿನಲ್ಲಿ ಸೆಕೆಂಡಿಗೆ 192 ಕಿಲೋಬಿಟ್‌ನ ಎಂಪಿ3 ಎಂಟೂವರೆ ಗಂಟೆ ಹಿಡಿಯುತ್ತದೆ, 128ರದು ಸುಮಾರು ಹನ್ನೆರಡೂಮುಕ್ಕಾಲು ಗಂಟೆ, 64 ಕಿಲೋಬಿಟ್‌ನ ಉಪನ್ಯಾಸವಾದರೆ 25 ಗಂಟೆಗೂ ಮೇಲೆ. ಮಂದಶ್ರುತಿಯವರ 46 ಡಿಸ್ಕ್‌ಗಳನ್ನು ಆಡಿಯೊ ಸಿ.ಡಿ.ಗಳಾಗಿ ಬರೆದರೆ ಅವು ಕೆಲವು ನೂರಾಗುತ್ತವೆ. ಆ ಗಂಟುಗಳನ್ನು ಎಣಿಸುವುದು ಹೇಗೆ? ಒಂದು ಉಪನ್ಯಾಸ ಮಾಲೆಗೆ ಇಪ್ಪತ್ತು ಸಲ ಡಿಸ್ಕ್ ಬದಲಿಸುವುದು ಕಣ್ಣು ಕಾಣದವರಿಗೆ ಅನುಕೂಲವಲ್ಲ. ಅಲ್ಲದೆ ಎಂಪಿ3 ಮಾಡುವಾಗ ಒಮ್ಮೆ ಬಿಟ್ಟುಹೋದ ವಿವರ ಆಡಿಯೊ ಸಿ.ಡಿ.ಗೆ ಬರೆದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಈಗ ತೊಂದರೆಗಳಿಗೆ ಬರುತ್ತೇನೆ. ನಾನು ಇಂಥ ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡುವವನು. ನಿಮ್ಮ ಪ್ಲೇಯರ್ ಕೆಟ್ಟಿಲ್ಲ ಎಂಬುದು ನನ್ನ ಅಂದಾಜು. ನಾಲ್ಕು ತೊಂದರೆಗಳಿಗೂ ಬೇರೆ ಬೇರೆ ಕಾರಣಗಳಿವೆ, ಮತ್ತು ನಾಲ್ಕೂ ಧ್ವನಿಗೆ ಸಂಬಂಧಿಸಿದವಲ್ಲ.

ಧ್ವನಿಯೇ ಬಾರದ ಉಪನ್ಯಾಸಗಳನ್ನು ಮೊದಲು ತೆಗೆದುಕೊಳ್ಳೋಣ. ನಾವು ಎಂಪಿ3 ಎಂದು ಒಂದೇ ಹೆಸರಿನಿಂದ ಕರೆಯುವ ಫೈಲ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ. ಮೊದಲ ಮಾನದಂಡವಾದ ಎಂಪೆಗ್-1ರಲ್ಲಿ ಮಾದರಿಯ ದರ 32, 44.1 ಅಥವಾ 48 ಕಿಲೋಹರ್ಟ್ಸ್ ಆಗಿರಬೇಕು. ಅದರ ಅರ್ಧದ ದರಗಳು, ಅಂದರೆ 16, 22.05 ಮತ್ತು 24 ಕಿಲೋಹರ್ಟ್ಸ್, ಎಂಪೆಗ್-2ರಲ್ಲಿ ಸೇರಿದವು. ಮಾತಿನ ಧ್ವನಿಮುದ್ರಣಗಳನ್ನು ಜಾಗ ಉಳಿಸಲು 22.05ರಲ್ಲಿ ಮಾಡುವುದು ಸಾಮಾನ್ಯ. ಕೆಲವು ಪ್ಲೇಯರ್‌ಗಳ ಒಳಗಿನ ಡಿಕೋಡರ್, ಅಂದರೆ ಫೈಲನ್ನು ಬಿಚ್ಚಿ ಧ್ವನಿಯಾಗಿಸುವ ಭಾಗ, ಮೊದಲ ಬಗೆಯನ್ನಷ್ಟೇ ಅರಿಯುತ್ತದೆ. ಎರಡನೆಯದು ಎದುರಾದರೆ ಒಂದೊಂದೇ ಫೈಲನ್ನು ದಾಟಿ ಮುಂದಕ್ಕೆ ಓಡುತ್ತದೆ. ನಿಮ್ಮ ಪರದೆಯ ಮೇಲೆ ಸಂಖ್ಯೆಗಳು ಓಡುತ್ತಿರುವುದು ಅದಕ್ಕಾಗಿಯೇ ಇರಬೇಕು. ಕಂಪ್ಯೂಟರಿನಲ್ಲಿ ಆ ಫೈಲಿನ ಗುಣವಿವರ ತೆರೆದು ದರ ಎಷ್ಟೆಂದು ನೋಡಿ ತಿಳಿಸಿ.

ಕ್ರಮದ ತೊಂದರೆ ಹೆಸರಿನದು. ಬಹುಪಾಲು ಪ್ಲೇಯರ್‌ಗಳು ಸಂಖ್ಯೆಯನ್ನು ಸಂಖ್ಯೆಯಾಗಿ ಓದದೆ ಅಕ್ಷರಗಳಾಗಿಯೇ ಓದುತ್ತವೆ. ಹಾಗಾಗಿ 1ರ ಪಕ್ಕದಲ್ಲಿ 10 ಬಂದು ಕೂರುತ್ತದೆ, 2 ಹಿಂದುಳಿಯುತ್ತದೆ. ಹೆಸರಿನ ಮೊದಲಲ್ಲಿ 001, 002 ಎಂದು ಮೂರು ಅಂಕಿಗಳನ್ನು ಕೊಟ್ಟರೆ ಯಾವ ಯಂತ್ರದಲ್ಲಿಯೂ ಕ್ರಮ ತಪ್ಪುವುದಿಲ್ಲ. ಆಡಿಯೊ ಸಿ.ಡಿ.ಯಲ್ಲಿ ಹೆಚ್ಚೆಂದರೆ 99 ಹಾಡುಗಳಿರಬಹುದು, ಎಂಪಿ3 ಡಿಸ್ಕಿಗೆ ಆ ಮಿತಿಯಿಲ್ಲ. ಆದರೆ ಒಂದೊಂದು ಪ್ಲೇಯರ್‌ಗೂ ತನ್ನದೇ ಮಿತಿ ಇರುತ್ತದೆ. ಎಷ್ಟು ಫೈಲ್, ಎಷ್ಟು ಫೋಲ್ಡರ್, ಫೋಲ್ಡರಿನೊಳಗೆ ಫೋಲ್ಡರ್ ಎಷ್ಟು ಹಂತ ಎಂಬುದನ್ನು ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಕೊಳ್ಳುವ ಮೊದಲು ಓದಬೇಕಾದ ಪುಟ ಅದೇ.

ಮೂರನೆಯ ತೊಂದರೆ ನೀವು ಡಿಸ್ಕಿಗೆ ಕಂತು ಕಂತಾಗಿ ಬರೆದುದರಿಂದ ಬಂದಿದೆ. ಒಂದೊಂದು ಸಲ ಬರೆದಾಗಲೂ ಡಿಸ್ಕಿನ ಮೇಲೆ ಹೊಸ ಸೆಷನ್ ಒಂದು ಹುಟ್ಟುತ್ತದೆ, ಅದಕ್ಕೆ ಹೊಸ ಪರಿವಿಡಿ ಇರುತ್ತದೆ. ಕಂಪ್ಯೂಟರ್ ಕೊನೆಯ ಪರಿವಿಡಿಯನ್ನು ಹುಡುಕಿ ಓದುತ್ತದೆ. ನಿಮ್ಮ ಪ್ಲೇಯರ್ ಮೊದಲನೆಯದನ್ನು ಕಂಡೊಡನೆ ಹುಡುಕಾಟ ನಿಲ್ಲಿಸುತ್ತಿದೆ.

ನಾಲ್ಕನೆಯದು ಯಂತ್ರದ ವಿನ್ಯಾಸದ ಕೊರತೆ. ಅದಕ್ಕೆ ನಿಮ್ಮ ಕಡೆಯಿಂದ ಪರಿಹಾರವಿಲ್ಲ. ಆ ಗುಣ ಇರುವ ಯಂತ್ರವನ್ನೇ ಆರಿಸಬೇಕು.

ಓದುಕೇಳು

ಆ ನಾಲ್ಕನೆಯ ವಿಷಯದ ಬಗ್ಗೆ ನಾನು ಬರೆಯಬಲ್ಲೆ, ಏಕೆಂದರೆ ಪುಸ್ತಕಗಳ ಧ್ವನಿಮುದ್ರಣಗಳನ್ನು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಡಿಸ್ಕಿನಿಂದಲೇ ಕೇಳಿದ್ದೇನೆ. ನಿಲ್ಲಿಸಿದ ಜಾಗವನ್ನು ನೆನಪಿಡುವ ಗುಣವನ್ನು ಕೈಪಿಡಿಗಳಲ್ಲಿ ರೆಸ್ಯೂಮ್ ಎಂದು ಕರೆಯುತ್ತಾರೆ. ಆ ಪದ ಕಂಡ ಮಾತ್ರಕ್ಕೆ ತೃಪ್ತಿಪಡಬೇಡಿ, ಅದರಲ್ಲಿಯೂ ಮೆಟ್ಟಿಲುಗಳಿವೆ. ಕೆಲವು ಯಂತ್ರಗಳು ಸ್ಟಾಪ್ ಒತ್ತಿದಾಗ ಮಾತ್ರ ಜಾಗವನ್ನು ನೆನಪಿಡುತ್ತವೆ, ವಿದ್ಯುತ್ ಹೋದರೆ ಮರೆಯುತ್ತವೆ. ಕೆಲವು ಫೈಲಿನ ಸಂಖ್ಯೆಯನ್ನಷ್ಟೇ ಇಟ್ಟುಕೊಂಡು ಆ ಫೈಲಿನ ಆದಿಯಿಂದ ಆರಂಭಿಸುತ್ತವೆ. ಇನ್ನು ಕೆಲವು ನಿಮಿಷ ಸೆಕೆಂಡು ಸಮೇತ ನೆನಪಿಡುತ್ತವೆ, ಆದರೆ ಮುಚ್ಚಳ ತೆರೆದೊಡನೆ ಎಲ್ಲವನ್ನೂ ಅಳಿಸಿಬಿಡುತ್ತವೆ. ಡಿಸ್ಕ್ ಹೊರತೆಗೆದು ಬೇರೊಂದನ್ನು ಕೇಳಿ, ಮತ್ತೆ ಮೊದಲಿನದನ್ನು ಹಾಕಿದರೂ ಅದರ ಜಾಗವನ್ನು ಗುರುತಿಸುವ ಯಂತ್ರಗಳು ವಿರಳ. ಸಿಕ್ಕರೆ ಉಳಿದ ಸಣ್ಣಪುಟ್ಟ ಕೊರತೆಗಳನ್ನು ಕ್ಷಮಿಸಿಬಿಡಿ ಎಂದೇ ಹೇಳುತ್ತೇನೆ. ಪರೀಕ್ಷೆ ಬಹಳ ಸುಲಭ: ಯಾವುದಾದರೂ ಫೈಲಿನ ನಡುವೆ ನಿಲ್ಲಿಸಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ ಪ್ಲೇ ಒತ್ತಿ.

ಎರಡನೆಯದಾಗಿ ಫೋಲ್ಡರಿನ ಬಟನ್. ಹಾಡಿಗೊಂದು, ಫೋಲ್ಡರಿಗೊಂದು ಎಂದು ಬೇರೆ ಬೇರೆ ಬಟನ್‌ಗಳು ಯಂತ್ರದ ಮೈಮೇಲೆಯೇ ಇರಬೇಕು. ರಿಮೋಟಿನಲ್ಲಿ ಮಾತ್ರ ಇದ್ದರೆ ಸಾಲದು, ರಿಮೋಟ್ ಹಾಸಿಗೆಯಿಂದ ಜಾರಿ ಬಿದ್ದರೆ ನಿಮ್ಮ ತಂದೆಯವರು ಅದನ್ನು ಹುಡುಕಬೇಕಾಗುತ್ತದೆ. ಒಂದೇ ಬಟನ್ನನ್ನು ಒಮ್ಮೆ ಒತ್ತಿದರೆ ಒಂದು ಕೆಲಸ, ಒತ್ತಿ ಹಿಡಿದರೆ ಇನ್ನೊಂದು ಕೆಲಸ ಎನ್ನುವ ಯಂತ್ರಗಳಿಂದ ದೂರವಿರಿ. ಬಟನ್‌ಗಳು ಉಬ್ಬಿರಬೇಕು, ಆಕಾರದಲ್ಲಿ ಒಂದಕ್ಕೊಂದು ಬೇರೆಯಾಗಿರಬೇಕು. ಸ್ಪರ್ಶಕ್ಕೆ ಸಪಾಟಾದ ಗಾಜಿನಂತಿರುವ ಯಾವ ಯಂತ್ರವೂ ಅವರಿಗೆ ಹೊಂದುವುದಿಲ್ಲ.

ಹಳೆತಟ್ಟೆ

ಪ್ಲೇಯರಿನ ಬಗ್ಗೆ ಬಲ್ಲವರು ಹೇಳಿದ್ದಾರೆ, ನಾನು ಡಿಸ್ಕಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಪದೇ ಪದೇ ಅಳಿಸಿ ಬರೆಯುವ ಸಿ.ಡಿ.-ಆರ್‌ಡಬ್ಲ್ಯು ಡಿಸ್ಕ್‌ಗಳು ನಿಮ್ಮಲ್ಲಿದ್ದರೆ ಹೆಚ್ಚು ಎಚ್ಚರ ಬೇಕು. ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕ್ ತನ್ನ ಮೇಲೆ ಬಿದ್ದ ಲೇಸರ್ ಬೆಳಕಿನ ಸುಮಾರು 70 ಶೇಕಡಾವನ್ನು ಹಿಂದಕ್ಕೆ ಕಳುಹಿಸುತ್ತದೆ, ಒಮ್ಮೆ ಮಾತ್ರ ಬರೆಯುವ ಸಿ.ಡಿ.-ಆರ್ ಕೂಡ ಅದಕ್ಕೆ ಹತ್ತಿರದಲ್ಲಿದೆ. ಆದರೆ ಅಳಿಸಿ ಬರೆಯುವ ಡಿಸ್ಕಿನಿಂದ ಮರಳುವುದು ಸುಮಾರು 15ರಿಂದ 25 ಶೇಕಡಾ ಮಾತ್ರ. ಅಷ್ಟು ಮಂದ ಬೆಳಕನ್ನು ಗುರುತಿಸುವಂತೆ ವಿನ್ಯಾಸ ಮಾಡದ ಯಂತ್ರ, ಡಿಸ್ಕೇ ಇಲ್ಲವೆಂದು ತೋರಿಸುತ್ತದೆ.

ಕಾಗದದ ಅಂಟುಚೀಟಿಗಳನ್ನು ಡಿಸ್ಕಿಗೆ ಹಚ್ಚಬೇಡಿ. ಅವು ಒಂದು ಬದಿಯಲ್ಲಿ ಸ್ವಲ್ಪ ಎದ್ದರೂ ಡಿಸ್ಕ್ ಓಲಾಡುತ್ತದೆ; ಸೀಳಿನೊಳಗೆ ಡಿಸ್ಕನ್ನು ಎಳೆದುಕೊಳ್ಳುವ ಯಂತ್ರದಲ್ಲಿಯಂತೂ ಒಳಗೇ ಸಿಕ್ಕಿಕೊಳ್ಳುತ್ತವೆ. ನೀವು ಗಂಟುಗಳನ್ನು ಚೀಲಕ್ಕೆ ಹಾಕಿದ್ದೀರಿ, ಡಿಸ್ಕಿಗೆ ಏನನ್ನೂ ಅಂಟಿಸಿಲ್ಲ ಎಂಬುದು ಒಳ್ಳೆಯದೇ ಆಯಿತು. ಬಟ್ಟೆ ಒರಟಾಗಿದ್ದರೆ ಮಾತ್ರ ಗೀರು ಬೀಳಬಹುದು, ನೋಡಿಕೊಳ್ಳಿ.

ಹೊಸಕಿವಿ

ನಮ್ಮ ಮನೆಯ ಡಿ.ವಿ.ಡಿ. ಪ್ಲೇಯರ್ ಎಂಪಿ3 ಡಿಸ್ಕ್‌ಗಳನ್ನು ಚೆನ್ನಾಗಿ ನುಡಿಸುತ್ತದೆ. ಅದನ್ನೇ ಬಳಸಬಾರದೇಕೆ? ಇಲ್ಲವೇ ಈಗ ಬರುತ್ತಿರುವ ಪ್ಲೇಯರ್‌ಗಳಲ್ಲಿ ಪೆನ್‌ಡ್ರೈವ್ ಹಾಕುವ ಯು.ಎಸ್.ಬಿ. ಕಿಂಡಿ ಇರುತ್ತದಲ್ಲವೇ? 46 ಡಿಸ್ಕ್‌ಗಳ ಸಂಗ್ರಹ ಒಂದು 32 ಗಿಗಾಬೈಟ್ ಪೆನ್‌ಡ್ರೈವ್ ಒಂದರಲ್ಲಿ ಹೆಚ್ಚುಕಡಿಮೆ ಪೂರ್ತಿ ಕೂರುತ್ತದೆ.

ಬೆಸುಗೆಕಡ್ಡಿ

ಡಿ.ವಿ.ಡಿ. ಪ್ಲೇಯರ್‌ಗಳು ನುಡಿಸುವುದು ನಿಜ, ಅವುಗಳ ಡಿಕೋಡರ್‌ಗಳೂ ಸಾಮಾನ್ಯವಾಗಿ ಉದಾರಿಗಳು. ಆದರೆ ಫೋಲ್ಡರ್ ಆರಿಸಲು ಟಿ.ವಿ. ಪರದೆಯನ್ನು ನೋಡಬೇಕು. ಕಣ್ಣು ಕಾಣುವವರಿಗೆ ಒಳ್ಳೆಯ ದಾರಿ, ಇಲ್ಲಿ ಉಪಯೋಗವಿಲ್ಲ. ಪೆನ್‌ಡ್ರೈವಿನ ಪ್ರಶ್ನೆಗೆ ಮಂದಶ್ರುತಿಯವರೇ ಉತ್ತರಿಸಲಿ.

ಮಂದಶ್ರುತಿ

ಎಲ್ಲರಿಗೂ ಕೃತಜ್ಞತೆಗಳು. ಬೆಸುಗೆಕಡ್ಡಿಯವರು ಹೇಳಿದಂತೆ ನೋಡಿದೆ. ಧ್ವನಿ ಬಾರದ ಒಂಬತ್ತು ಡಿಸ್ಕ್‌ಗಳ ಫೈಲ್‌ಗಳೆಲ್ಲವೂ 22.05 ಕಿಲೋಹರ್ಟ್ಸ್, ಒಂದೇ ವಾಹಿನಿ. ನುಡಿಯುತ್ತಿರುವ ಉಪನ್ಯಾಸಗಳೆಲ್ಲವೂ 44.1. ಇಷ್ಟು ನಿಖರವಾಗಿ ಕಾರಣ ಸಿಕ್ಕಿದ್ದು ನನಗೆ ಬಹಳ ಸಮಾಧಾನ ತಂದಿದೆ, ಏಕೆಂದರೆ ಡಿಸ್ಕ್‌ಗಳೇ ಹಾಳಾದವೆಂದು ತಂದೆಯವರು ನೊಂದುಕೊಂಡಿದ್ದರು.

ಪೆನ್‌ಡ್ರೈವನ್ನು ಈಗಾಗಲೇ ಪ್ರಯತ್ನಿಸಿದ್ದೇವೆ. ಸಾವಿರಾರು ಫೈಲ್‌ಗಳು ಒಂದೇ ಕಡೆ ಸೇರಿದಾಗ ತಮಗೆ ಬೇಕಾದುದರ ಬಳಿ ತಲುಪಲು ಅವರಿಗೆ ದಾರಿಯೇ ಇರುವುದಿಲ್ಲ. ಡಿಸ್ಕ್ ಎಂದರೆ ಅವರಿಗೆ ಕೈಯಲ್ಲಿ ಹಿಡಿದು ಗುರುತಿಸಬಹುದಾದ ವಸ್ತು. ಒಂದು ದಿನ ಪೆನ್‌ಡ್ರೈವಿನಲ್ಲಿ ಒಂದು ಹಾಡು ಹುಡುಕಿ ಹುಡುಕಿ ಸಾಕಾಗಿ, ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು, “ಇದರಲ್ಲಿ ಎಲ್ಲವೂ ಇದೆ, ನನಗೆ ಏನೂ ಸಿಗುವುದಿಲ್ಲ” ಎಂದರು. ಆದ್ದರಿಂದ ಡಿಸ್ಕನ್ನೇ ಮುಂದುವರಿಸುತ್ತೇವೆ.

ಇನ್ನೆರಡು ಸಂದೇಹಗಳಿವೆ. ಆ ಒಂಬತ್ತು ಡಿಸ್ಕ್‌ಗಳ ಫೈಲ್‌ಗಳನ್ನು 44.1ಕ್ಕೆ ಪರಿವರ್ತಿಸಿ ಬರೆದರೆ ಧ್ವನಿ ಕೆಡುತ್ತದೆಯೇ? ಎರಡನೆಯದು, ಕೆಲವು ಕಛೇರಿಗಳ ಧ್ವನಿಮುದ್ರಣದಲ್ಲಿ ಒಂದು ಫೈಲ್ ಮುಗಿದು ಮುಂದಿನದು ಆರಂಭವಾಗುವಾಗ ನಾದ ಕಡಿದುಹೋಗಿ, ಕ್ಷಣಕಾಲ ಮೌನವಾಗಿ, ಮತ್ತೆ ಬರುತ್ತದೆ. ಶ್ರುತಿ ಹಿಡಿದು ಕೂತವರಿಗೆ ಅದು ಬಹಳ ತೊಂದರೆ. ಇದೂ ಪ್ಲೇಯರಿನ ದೋಷವೇ?

ನಾದಲಹರಿ

ನಿಮ್ಮ ತಂದೆಯವರ ಆ ಮಾತು ಓದಿದ ಮೇಲೆ ನನ್ನ ಮೊದಲ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಧ್ವನಿಯ ಗುಣವೊಂದನ್ನೇ ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೆ.

ಕಡಿತದ ಬಗ್ಗೆ ನಾನು ಉತ್ತರಿಸಬಲ್ಲೆ. ಅದರಲ್ಲಿ ಪಾಲು ಫೈಲಿನದು, ಪಾಲು ಯಂತ್ರದ್ದು. ಎಂಪಿ3 ಧ್ವನಿಯನ್ನು 1,152 ಮಾದರಿಗಳ ಚೌಕಟ್ಟುಗಳಾಗಿ ಕತ್ತರಿಸಿ ಕೆಲಸ ಮಾಡುತ್ತದೆ, 44.1 ಕಿಲೋಹರ್ಟ್ಸ್ ದರದಲ್ಲಿ ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡು. ಹಾಡು ಸರಿಯಾಗಿ ಚೌಕಟ್ಟಿನ ಅಂಚಿಗೆ ಮುಗಿಯದಿದ್ದರೆ ಉಳಿದ ಜಾಗವನ್ನು ಮೌನದಿಂದ ತುಂಬಬೇಕು, ಫೈಲಿನ ಮೊದಲಲ್ಲಿಯೂ ಸ್ವಲ್ಪ ಮೌನ ತಾನಾಗಿ ಸೇರುತ್ತದೆ. ಎಷ್ಟು ಮೌನ ಸೇರಿದೆ ಎಂಬುದನ್ನು ಎಂಪಿ3 ಮಾಡುವ ಕೆಲವು ತಂತ್ರಾಂಶಗಳು (ಎನ್‌ಕೋಡರ್‌ಗಳು) ಫೈಲಿನಲ್ಲಿಯೇ ಬರೆದಿಡುತ್ತವೆ, ಆದರೆ ಡಿಸ್ಕ್ ನುಡಿಸುವ ಯಂತ್ರಗಳಲ್ಲಿ ಬಹುಪಾಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಮೇಲೆ ಮುಂದಿನ ಫೈಲನ್ನು ಹುಡುಕಿ ತೆರೆಯಲು ಯಂತ್ರ ತೆಗೆದುಕೊಳ್ಳುವ ಹೊತ್ತು ಬೇರೆ. ಇದನ್ನು ಗೆಲ್ಲುವ ನೆಚ್ಚಿನ ದಾರಿ ಒಂದೇ: ಮೂಲ ಆಡಿಯೊ ಸಿ.ಡಿ. ನಿಮ್ಮಲ್ಲಿದ್ದರೆ ಇಡೀ ಕಛೇರಿಯನ್ನು ಒಂದೇ ಉದ್ದದ ಫೈಲಾಗಿ ತೆಗೆದು, ಅದನ್ನು ಒಂದೇ ಎಂಪಿ3 ಆಗಿ ಮಾಡಿ. ಈಗಿರುವ ಎಂಪಿ3 ತುಣುಕುಗಳನ್ನು ಸುಮ್ಮನೆ ಹೊಲಿದರೆ ಒಳಗಿನ ಮೌನವೂ ಜೊತೆಗೇ ಹೊಲಿಗೆಯಲ್ಲಿ ಉಳಿಯುತ್ತದೆ.

ಬಿಟ್‌ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬುದರ ಬಗ್ಗೆ ಒಂದು ಮಾತು. ಹೊಸದಾಗಿ ಮಾಡುವಾಗ ಸಂಗೀತಕ್ಕೆ 192 ಕಿಲೋಬಿಟ್‌ಗಿಂತ ಕಡಿಮೆ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. 128ರಲ್ಲಿ ಏನು ಕಳೆದುಹೋಗುತ್ತದೆ ಎಂದು ತಿಳಿಯಬೇಕಾದರೆ ಹಾಡಿನ ನಡುವೆ ಕಿವಿಗೊಡಬೇಡಿ, ಕಛೇರಿಯ ಕೊನೆಯ ಚಪ್ಪಾಳೆಗೆ ಕಿವಿಗೊಡಿ. ಸಾವಿರ ಕೈಗಳ ಬಿಡಿಬಿಡಿ ಸದ್ದು ಇರಬೇಕಾದ ಕಡೆ ನೀರು ಸುರಿದಂಥ, ಕಲಸಿಹೋದ ಒಂದು ಸದ್ದು ಕೇಳಿಸುತ್ತದೆ. ಒಮ್ಮೆ ಅದನ್ನು ಗುರುತಿಸಿದರೆ ತಾಳಗಳ ಮಿಂಚಿನಂಥ ಪೆಟ್ಟಿನಲ್ಲಿಯೂ ಅದೇ ಮಬ್ಬನ್ನು ಗುರುತಿಸುತ್ತೀರಿ.

ಬೆಸುಗೆಕಡ್ಡಿ

ಪರಿವರ್ತನೆಯ ಸಂದೇಹಕ್ಕೆ ಉತ್ತರ: ಒಮ್ಮೆ ಎಂಪಿ3 ಆದುದನ್ನು ಬಿಚ್ಚಿ ಮತ್ತೆ ಎಂಪಿ3 ಮಾಡಿದರೆ ಎರಡನೆಯ ಸಲ ಇನ್ನಷ್ಟು ವಿವರ ಹೋಗುವುದು ಖಂಡಿತ. ಮಾತಿನ ಧ್ವನಿಮುದ್ರಣದಲ್ಲಿ, ಹೊಸ ಬಿಟ್‌ರೇಟನ್ನು ಮೊದಲಿನದಕ್ಕಿಂತ ಮೇಲಿಟ್ಟರೆ, ಆ ನಷ್ಟ ಕಿವಿಗೆ ಅಷ್ಟಾಗಿ ತಿಳಿಯದು. ಆದರೂ ಅದು ಕೊನೆಯ ದಾರಿಯಾಗಿರಲಿ. ಅರ್ಧದ ದರಗಳನ್ನೂ ಅರಿಯುವ ಪ್ಲೇಯರ್ ಸಿಕ್ಕರೆ ನೀವು ಏನನ್ನೂ ಮುಟ್ಟಬೇಕಾಗಿಲ್ಲ. ಕೈಪಿಡಿಯ ತಾಂತ್ರಿಕ ವಿವರದಲ್ಲಿ ಮಾದರಿಯ ದರಗಳ ಸಾಲು 16 ಕಿಲೋಹರ್ಟ್ಸ್‌ನಿಂದ ಆರಂಭವಾಗುತ್ತದೆಯೋ 32ರಿಂದ ಆರಂಭವಾಗುತ್ತದೆಯೋ ನೋಡಿ. ಅಷ್ಟರಲ್ಲಿಯೇ ಉತ್ತರ ಸಿಗುತ್ತದೆ.

ಹೆಗಲ ಚೀಲದಲ್ಲಿ ಒಯ್ಯುವ ಸಣ್ಣ ಪ್ಲೇಯರ್ ನೋಡುತ್ತಿದ್ದರೆ, ಅಲುಗಿದಾಗ ಧ್ವನಿ ಕಡಿಯದಂತೆ ಕಾಯುವ ಬಫರ್ ಮೆಮೊರಿಯ ಅವಧಿಯನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಹೇಳಿರುತ್ತಾರೆ. ಅದು ಯಾವ ಬಗೆಯ ಡಿಸ್ಕಿಗೆ ಎಂದು ವಿಚಾರಿಸಿ. ಎರಡು ಮೆಗಾಬೈಟ್ ಮೆಮೊರಿಯಲ್ಲಿ 128 ಕಿಲೋಬಿಟ್‌ನ ಎಂಪಿ3 ಎರಡು ನಿಮಿಷಕ್ಕೂ ಮೇಲೆ ಕೂರುತ್ತದೆ, ಆಡಿಯೊ ಸಿ.ಡಿ.ಯ ಮೂಲ ಧ್ವನಿಯಾದರೆ ಸುಮಾರು 12 ಸೆಕೆಂಡು ಮಾತ್ರ. ಎಂಪಿ3ಯ ಒಂದು ಒಳ್ಳೆಯ ಗುಣವೂ ಇದರಿಂದಲೇ ಬರುತ್ತದೆ. ಡಿಸ್ಕ್ ಒಂದು ಪಟ್ಟು ವೇಗದಲ್ಲಿ, ಅಂದರೆ ಆಡಿಯೊ ಸಿ.ಡಿ. ನುಡಿಸುವ ಸಾಮಾನ್ಯ ವೇಗದಲ್ಲಿ ತಿರುಗಿದರೂ ಸೆಕೆಂಡಿಗೆ 150 ಕಿಲೋಬೈಟ್ ದೊರೆಯುತ್ತದೆ, 128ರ ಹಾಡಿಗೆ ಬೇಕಾದುದು 16 ಕಿಲೋಬೈಟ್. ಚೆನ್ನಾಗಿ ವಿನ್ಯಾಸ ಮಾಡಿದ ಯಂತ್ರ ಬಫರನ್ನು ಬೇಗ ತುಂಬಿಕೊಂಡು ಮೋಟಾರನ್ನು ನಿಲ್ಲಿಸಿಬಿಡುತ್ತದೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಯಂತ್ರವನ್ನು ಕಿವಿಗೆ ಹಿಡಿದರೆ ಡಿಸ್ಕ್ ತಿರುಗಿ, ನಿಂತು, ಮತ್ತೆ ತಿರುಗುವುದು ಕೇಳಿಸುತ್ತದೆ. ಅದನ್ನು ದೋಷವೆಂದು ತಿಳಿದು ನನ್ನ ಬಳಿ ದುರಸ್ತಿಗೆ ತಂದವರಿದ್ದಾರೆ.

ಗೀರುಗಳ ಬಗ್ಗೆ ಹಳೆತಟ್ಟೆಯವರು ಎಚ್ಚರಿಸಿದ್ದು ಸರಿ. ಆಡಿಯೊ ಸಿ.ಡಿ.ಯಲ್ಲಿ ಓದಲಾಗದ ಜಾಗ ಬಂದರೆ ಯಂತ್ರ ಅಕ್ಕಪಕ್ಕದ ಮಾದರಿಗಳಿಂದ ಅಂದಾಜು ಮಾಡಿ ತುಂಬುತ್ತದೆ, ಕೇಳುವವರಿಗೆ ಬಹಳ ಸಲ ತಿಳಿಯುವುದೇ ಇಲ್ಲ. ಡೇಟಾ ಡಿಸ್ಕಿನಲ್ಲಿ ಹಾಗೆ ಅಂದಾಜು ಮಾಡಲಾಗದು. ಅದಕ್ಕೆಂದೇ 2,352 ಬೈಟ್‌ಗಳ ಒಂದೊಂದು ವಿಭಾಗದಲ್ಲಿ 2,048ನ್ನು ಮಾತ್ರ ಫೈಲಿಗೆ ಕೊಟ್ಟು, ಉಳಿದುದರಲ್ಲಿ ಹೆಚ್ಚಿನ ಭಾಗವನ್ನು ತಪ್ಪು ತಿದ್ದಲು ಮೀಸಲಿಟ್ಟಿದ್ದಾರೆ. ತಿದ್ದಲು ಸಾಧ್ಯವಾದಷ್ಟು ಹೊತ್ತು ಧ್ವನಿ ಪೂರ್ತಿ ಸರಿಯಾಗಿರುತ್ತದೆ, ಸಾಧ್ಯವಾಗದಿದ್ದರೆ ಹಾಡು ನಿಲ್ಲುತ್ತದೆ ಇಲ್ಲವೇ ಹಾರುತ್ತದೆ.

ಇಷ್ಟೆಲ್ಲ ಓದುವುದಕ್ಕಿಂತ ಒಂದು ಪರೀಕ್ಷಾ ಡಿಸ್ಕ್ ಮಾಡಿಕೊಂಡು ಅಂಗಡಿಗೆ ಹೋಗಿ. ನಾನೇ ಇಂಥದೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ. ಅದರಲ್ಲಿ 22.05 ಕಿಲೋಹರ್ಟ್ಸ್‌ನ ಒಂದು ಮಾತು, 48ರ ಒಂದು ಹಾಡು, 320 ಕಿಲೋಬಿಟ್‌ನದೊಂದು, ಬಿಟ್‌ರೇಟ್ ಬದಲಾಗುತ್ತ ಹೋಗುವ ಉದ್ದದ ಫೈಲ್ ಒಂದು ಇವೆ. ಬಿಟ್‌ರೇಟ್ ಬದಲಾಗುವ ಫೈಲ್‌ಗಳಲ್ಲಿ ಹಳೆಯ ಯಂತ್ರಗಳು ಸಮಯವನ್ನು ತಪ್ಪಾಗಿ ತೋರಿಸುತ್ತವೆ, ಮುಂದಕ್ಕೆ ಓಡಿಸಿದರೆ ಎಲ್ಲಿಗೋ ಹೋಗಿ ನಿಲ್ಲುತ್ತವೆ. ಮೂರು ಹಂತದ ಫೋಲ್ಡರ್, ನೂರಕ್ಕಿಂತ ಹೆಚ್ಚು ಸಣ್ಣ ಫೈಲ್‌ಗಳಿರುವ ಒಂದು ಫೋಲ್ಡರ್, ಅಂಕಿ ಕೊಟ್ಟ ಮತ್ತು ಕೊಡದ ಹೆಸರುಗಳು ಇರಲಿ. ಎಲ್ಲವನ್ನೂ ಒಮ್ಮೆಗೇ ಬರೆಯದೆ ಎರಡು ಕಂತುಗಳಲ್ಲಿ ಬರೆಯಿರಿ. ನಿಮ್ಮ ಅತ್ಯಂತ ಹಳೆಯ, ಅತ್ಯಂತ ಗೀರಾದ ಡಿಸ್ಕ್ ಒಂದನ್ನೂ ಜೊತೆಗೆ ಒಯ್ಯಿರಿ.

ಹೊಸಕಿವಿ

ಫೈಲಿನ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಪರದೆಯ ಮೇಲೆ ಬರೀ ಚೌಕಗಳು ಬರುತ್ತವೆ. ಇದಕ್ಕೆ ಪರಿಹಾರವಿದೆಯೇ?

ಬೆಸುಗೆಕಡ್ಡಿ

ಹಾಡಿನ ವಿವರವನ್ನು ಫೈಲಿನಲ್ಲಿಯೇ ಇಡುವ ಐಡಿ3 ಪದ್ಧತಿಯ ಎರಡನೆಯ ಆವೃತ್ತಿಯಲ್ಲಿ ಕನ್ನಡ ಬರೆಯಲು ಅಡ್ಡಿಯಿಲ್ಲ, ಜೋಲಿಯೆಟ್ ಎಂಬ ಕ್ರಮದಲ್ಲಿ ಬರೆದ ಡಿಸ್ಕಿನಲ್ಲಿ ಫೈಲಿನ ಹೆಸರಿಗೂ ಅಡ್ಡಿಯಿಲ್ಲ. ಕೊರತೆ ಇರುವುದು ಯಂತ್ರದಲ್ಲಿ. ಅದರೊಳಗೆ ಕನ್ನಡದ ಅಕ್ಷರರೂಪಗಳೇ ಇರುವುದಿಲ್ಲ. ಸದ್ಯಕ್ಕೆ ರೋಮನ್ ಲಿಪಿಯಲ್ಲಿ ಚಿಕ್ಕ ಹೆಸರು ಕೊಡುವುದೇ ದಾರಿ.

ಮಂದಶ್ರುತಿ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದಂತೆ ಪರೀಕ್ಷಾ ಡಿಸ್ಕ್ ಮಾಡಿಕೊಂಡು, ತಂದೆಯವರನ್ನೂ ಕರೆದುಕೊಂಡು ಹೋಗಿ ಮೂರು ಯಂತ್ರಗಳನ್ನು ನೋಡಿದೆವು.

ಮೊದಲನೆಯದರ ಧ್ವನಿ ಎಲ್ಲಕ್ಕಿಂತ ಚೆನ್ನಾಗಿತ್ತು. ಎರಡನೆಯ ಕಂತಿನ ಫೈಲ್‌ಗಳನ್ನೂ ಓದಿತು, ಆದರೆ 22.05ರ ಮಾತು ಬರಲಿಲ್ಲ, ಪ್ಲಗ್ ಕಿತ್ತು ಹಾಕಿದಾಗ ಮೊದಲಿನಿಂದ ಆರಂಭಿಸಿತು. ಎರಡನೆಯದು ಎಲ್ಲ ಫೈಲ್‌ಗಳನ್ನೂ ನುಡಿಸಿತು. ತಂದೆಯವರು ಅದರ ಮೇಲೆ ಬೆರಳಾಡಿಸಿ, ಎಂಟು ಬಟನ್‌ಗಳು ಒಂದೇ ಸಾಲಿನಲ್ಲಿ ಒಂದೇ ಆಕಾರದಲ್ಲಿವೆ ಎಂದು ತಲೆಯಾಡಿಸಿದರು. ಮೂರನೆಯದು ನೋಡಲು ಎಲ್ಲಕ್ಕಿಂತ ಹಳೆಯ ಮಾದರಿಯದು. ಮೇಲಿನ ಮುಚ್ಚಳ ಎತ್ತಿ ಡಿಸ್ಕನ್ನು ನಡುವಿನ ಗುಬ್ಬಿಗೆ ಒತ್ತಿ ಕೂರಿಸಬೇಕು. ಪ್ಲೇ ಬಟನ್ ಉಳಿದವುಗಳ ಎರಡರಷ್ಟು ದೊಡ್ಡದು, ಫೋಲ್ಡರ್ ಬಟನ್‌ಗಳು ಅದರ ಎಡಬಲಕ್ಕೆ ತ್ರಿಕೋನಾಕಾರದಲ್ಲಿವೆ. ಕೈಪಿಡಿಯಲ್ಲಿ ದರಗಳ ಸಾಲು 16ರಿಂದಲೇ ಆರಂಭವಾಗಿತ್ತು. ಗೀರಾದ ಡಿಸ್ಕನ್ನು ಓದಲು ಸುಮಾರು ಅರ್ಧ ನಿಮಿಷ ತೆಗೆದುಕೊಂಡಿತಾದರೂ ಓದಿತು. ಪ್ಲಗ್ ಕಿತ್ತು ಹಾಕಿದಾಗ ವಾಕ್ಯದ ನಡುವಿನಿಂದಲೇ ಮಾತು ಮುಂದುವರಿಯಿತು. ಅದನ್ನೇ ಕೊಂಡೆವು.

ಅದರ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮುಚ್ಚಳ ತೆರೆದರೆ ನೆನಪು ಅಳಿಯುತ್ತದೆ. ಆದ್ದರಿಂದ ಓದುಕೇಳು ಅವರು ಬರೆದ ವಿರಳ ಗುಣ ನಮಗೆ ಸಿಗಲಿಲ್ಲ. ಬದಲಿಗೆ ಉದ್ದದ ಉಪನ್ಯಾಸಗಳನ್ನು ಹೊಸದಾಗಿ ಬರೆಯುವಾಗ ಒಂದೊಂದು ದಿನಕ್ಕೆ ಒಂದು ಫೋಲ್ಡರ್ ಎಂಬಂತೆ ವಿಭಾಗಿಸಿದ್ದೇನೆ. ಎಷ್ಟನೆಯ ಫೋಲ್ಡರ್ ಎಂಬುದು ತಂದೆಯವರಿಗೆ ನೆನಪಿರುತ್ತದೆ, ಬಲದ ತ್ರಿಕೋನವನ್ನು ಅಷ್ಟು ಸಲ ಒತ್ತುತ್ತಾರೆ. ಧ್ವನಿಯ ಕೊನೆಯ ಹಂತ ಸಾಧಾರಣವಾಗಿರುತ್ತದೆ ಎಂದು ನಾದಲಹರಿಯವರು ಹೇಳಿದ್ದು ಇದಕ್ಕೂ ನಿಜವೇ. ಹಿಂಬದಿಯ ಲೈನ್ ಔಟ್ ಕಿಂಡಿಯಿಂದ ಮನೆಯಲ್ಲಿದ್ದ ಹಳೆಯ ಆಂಪ್ಲಿಫೈಯರಿಗೆ ತಂತಿ ಎಳೆದ ಮೇಲೆ ಗಾಯನ ಬಹಳ ಹಿತವಾಗಿ ಕೇಳಿಸುತ್ತಿದೆ.

ಕಂತು ಕಂತಾಗಿ ಬರೆದಿದ್ದ ಡಿಸ್ಕ್‌ಗಳನ್ನೆಲ್ಲ ಈ ಯಂತ್ರ ಓದುತ್ತಿದೆ. ಆದರೂ ಅವುಗಳಲ್ಲಿ ಏಳನ್ನು ಒಂದೇ ಕಂತಿನಲ್ಲಿ, ಮೂರಂಕಿಯ ಹೆಸರುಗಳೊಡನೆ ಹೊಸ ಸಿ.ಡಿ.-ಆರ್‌ಗಳಿಗೆ ಬರೆದು, ಬರೆದ ನಂತರ ಕಂಪ್ಯೂಟರಿನಲ್ಲಿ ಮೂಲದೊಡನೆ ಹೋಲಿಸಿ ನೋಡಿದ್ದೇನೆ. ಹದಿನಾಲ್ಕು ಇನ್ನೂ ಬಾಕಿ ಇವೆ. ಮೂರು ಗಂಟಿನ ಒಂಬತ್ತು ಚೀಲಗಳನ್ನು ತಂದೆಯವರು ಪೆಟ್ಟಿಗೆಯ ತಳದಿಂದ ಮೇಲಕ್ಕೆ ತಂದು ಇಟ್ಟುಕೊಂಡಿದ್ದಾರೆ, ಈಗ ಅವುಗಳಲ್ಲಿ ನಾಲ್ಕನೆಯದನ್ನು ಕೇಳುತ್ತಿದ್ದಾರೆ.